ದೂರ ಒಂದೇ, ದಾರಿ ಬೇರೆ

ಟಿಕೆಟ್ ಕೊಳ್ಳುವವರು ದರ ನೋಡುತ್ತಾರೆ, ಲಗೇಜ್ ಎಷ್ಟು ಕೆ.ಜಿ. ಎಂದು ವಿಚಾರಿಸುತ್ತಾರೆ. ವಿಮಾನದ ದಾರಿಗಳ ಹುಚ್ಚು ಹತ್ತಿದವರು ಮಾತ್ರ ಮೊದಲು ಗ್ಲೋಬ್ ಹುಡುಕುತ್ತಾರೆ.

ಒಂದು ದಾರವನ್ನು ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಗ್ಲೋಬಿನ ಮೇಲೆ ಬಿಗಿಯಾಗಿ ಹಿಡಿಯಿರಿ. ಗೋಡೆಯ ನಕ್ಷೆಯಲ್ಲಿ ಪೆಸಿಫಿಕ್ ಮೇಲೆ ನೇರ ಗೆರೆ ಎಳೆದರೆ ದೂರ 16 ಸಾವಿರ ಕಿ.ಮೀ. ಮೀರುತ್ತದೆ. ದಾರವಾದರೋ ಟಿಬೆಟ್, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚನ್ನು ಸವರಿ, ಅಲಾಸ್ಕಾ ಮೇಲಿಂದ ಇಳಿದು ಸುಮಾರು 14 ಸಾವಿರಕ್ಕೇ ಮುಗಿಯುತ್ತದೆ. ಎರಡು ಊರುಗಳೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿವೆ. ಉತ್ತರ ಧ್ರುವದ ನೆತ್ತಿಯ ಮೇಲೇ ಹಾದುಹೋದರೂ ಹೆಚ್ಚಾಗುವುದು 400 ಕಿ.ಮೀ.ಗಿಂತ ಕಡಿಮೆ.

ಆದರೆ ದಾರ ಹೋದಲ್ಲೆಲ್ಲ ವಿಮಾನ ಹೋಗಲಾರದು. ಕ್ಯಾಬಿನ್ನಿನ ಒತ್ತಡ ಕುಸಿದರೆ ಪೈಲಟ್ ಬೇಗನೆ 10 ಸಾವಿರ ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಇನ್ನು ಗಾಳಿ. ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಅಮೆರಿಕಕ್ಕೆ ಹೋಗುವ ವಿಮಾನವನ್ನು ಬೆನ್ನಿಗೆ ನಿಂತು ತಳ್ಳುತ್ತದೆ. ಅದಕ್ಕಾಗಿ ಪೆಸಿಫಿಕ್ ಮೇಲೆ ಬಳಸಿಕೊಂಡು ಹೋದರೂ ಲಾಭವೇ. ಬರುವಾಗ ಅದೇ ಗಾಳಿ ಎದುರಾಗುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಇರುವ ಉಪಾಯಗಳಲ್ಲೊಂದು ಧ್ರುವದ ಹಾದಿ.

2021ರ ಜನವರಿ 9ರಂದು ಏರ್ ಇಂಡಿಯಾ ಹಿಡಿದದ್ದು ಅದನ್ನೇ. ಬೆಂಗಳೂರಿಗೆ ಬರುವ ಆ ಮೊದಲ ತಡೆರಹಿತ ವಿಮಾನದ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಸಾರಥ್ಯ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರದು. ಬೋಯಿಂಗ್ 777-200 ಎಲ್‌ಆರ್ ವಿಮಾನ ಧ್ರುವ ದಾಟಿ, 17 ಗಂಟೆಗೂ ಹೆಚ್ಚು ಹಾರಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು.

ಅಂಥ ಹಾದಿಯಲ್ಲಿ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಅದಕ್ಕಿಂತ ಸ್ವಾರಸ್ಯದ ಚಿಂತೆ ರೆಕ್ಕೆಯೊಳಗಿನ ಇಂಧನದ್ದು. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯ ಹೊತ್ತಿಗೆ ಗಟ್ಟಿಯಾಗತೊಡಗಬಹುದು. ಹೊರಗಿನ ಚಳಿ ಅದಕ್ಕಿಂತಲೂ ತೀವ್ರ. ತಾಪ ತೀರಾ ಇಳಿದರೆ ಪೈಲಟ್‌ಗಳು ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಬೆಚ್ಚನೆಯ ಗಾಳಿಯಿರುವ ಎತ್ತರಕ್ಕೆ ಸರಿಯುತ್ತಾರೆ.

ಗಡಿಯಾರದ ಆಟ ಬೇರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಆ ಮೊದಲ ವಿಮಾನ ಅಲ್ಲಿಂದ ಹೊರಟದ್ದು ಶನಿವಾರ ರಾತ್ರಿ, ಇಲ್ಲಿ ಇಳಿದದ್ದು ಸೋಮವಾರ ನಸುಕಿನಲ್ಲಿ. ಪ್ರಯಾಣಿಕರ ಭಾನುವಾರ ಆಕಾಶದಲ್ಲೇ ಕಳೆಯಿತು. ಇಲ್ಲಿಂದ ಮಧ್ಯಾಹ್ನ ಹೊರಟವರಾದರೋ ಅದೇ ದಿನದ ಸಂಜೆಯ ಕಾಫಿಗೆ ಅಲ್ಲಿರಬಹುದು.

ಹಾಗಾಗಿ ‘ಎಷ್ಟು ಗಂಟೆ ಪ್ರಯಾಣ?’ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರಿಸಬೇಡಿ. ‘ಯಾವ ತಿಂಗಳು, ಯಾವ ಕಡೆಯಿಂದ?’ ಎಂದು ಮೊದಲು ಕೇಳಿ.