ನಲಿಕಲಿ ಕೋಣೆಯಲ್ಲಿ ಮಾತು ಬಾರದ ಮಗು

ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋದರೆ ಎತ್ತ ನೋಡಿದರೂ ಚಿತ್ರ. ತಲೆಯ ಮೇಲೆ ಚಪ್ಪರಕ್ಕೆ ತೂಗುಹಾಕಿದ ಮಕ್ಕಳ ಹಾಳೆಗಳು, ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲುಗಳಲ್ಲಿ ಲೋಗೊಗಳು, ಕೂತ ಮಗುವಿನ ಕೈಗೂ ಎಟುಕುವಷ್ಟು ತಗ್ಗಿನಲ್ಲಿ ಕಪ್ಪುಹಲಗೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರುಮಾಡಿದ ಈ ಪದ್ಧತಿ 2009-10ರಿಂದ ರಾಜ್ಯಕ್ಕೆಲ್ಲ ಹಬ್ಬಿತು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಿಗೂ ಬಂತು. ಮಾತು ಬಾರದ ಮಗುವಿಗೆ ಇದಕ್ಕಿಂತ ಅನುಕೂಲವಾದ ಕೋಣೆ ಸಿಗುವುದು ಕಷ್ಟ. ಹೀಗಿದ್ದೂ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಕಲತೆ ಇರುವ ಮಗು ಅಲ್ಲಿ ಮೂಲೆ ಹಿಡಿದು ಕೂರುತ್ತದೆ, ಇಲ್ಲವೇ ಮನೆಯಲ್ಲೇ ಉಳಿಯುತ್ತದೆ.

ಚಿತ್ರಗಳನ್ನು ನಾವು ಬಳಸುವ ರೀತಿಯಲ್ಲೇ ತೊಡಕಿದೆ ಎಂಬುದು ನನ್ನ ಅಭಿಪ್ರಾಯ. ‘ಆನೆ ಎಲ್ಲಿದೆ, ತೋರಿಸು’, ‘ಇದು ಯಾವ ಬಣ್ಣ?’ ಎಂದು ಕೇಳುವುದಕ್ಕೇ ಕಾರ್ಡು ಕೈಗೆ ಬರುತ್ತದೆ. ಮಾತು ಬರುವ ಮಕ್ಕಳಿಗೆ ಇದರಿಂದ ನಷ್ಟವಿಲ್ಲ. ಪಾಠ ಮುಗಿದ ಕೂಡಲೇ ಅವು ಹರಟುತ್ತವೆ, ಜಗಳವಾಡುತ್ತವೆ, ‘ಮಿಸ್, ಇವ್ನು ಹೊಡ್ದ’ ಎಂದು ದೂರು ತರುತ್ತವೆ. ಮಾತು ಬಾರದ ಮಗುವೂ ಆನೆಯನ್ನು ಸರಿಯಾಗಿ ತೋರಿಸಿ ಜಾಣ ಎನ್ನಿಸಿಕೊಳ್ಳುತ್ತದೆ. ಆದರೆ ಉಚ್ಚೆ ಬಂದಿದೆ ಎಂದು ಹೇಳುವ ದಾರಿ ಕಾಣದೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ, ಕಿರುಚುತ್ತದೆ, ಪಕ್ಕದವನನ್ನು ಕಚ್ಚುತ್ತದೆ. ನಾವು ಅದಕ್ಕೆ ಹಟಮಾರಿತನ ಎಂದು ಹೆಸರಿಡುತ್ತೇವೆ.

ವ್ಯವಸ್ಥೆಯೇ ಇಲ್ಲ ಎನ್ನುವಂತಿಲ್ಲ. ಸಮಗ್ರ ಶಿಕ್ಷಣದ ಅಡಿಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರವಿದೆ. ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ. ತೀವ್ರ ತೊಂದರೆ ಇರುವ ಮಕ್ಕಳಿಗೆ ಶಾಲಾ ಸಿದ್ಧತೆಯ ಎಸ್‌ಆರ್‌ಪಿ ಕೇಂದ್ರ, ಅಲ್ಲಿಗೂ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ. ತೋಟದ ಮನೆಗಳನ್ನು ಹುಡುಕಿಕೊಂಡು ಹೋಗಿ, ನೆಲದ ಮೇಲೆ ಮಗುವಿನ ಪಕ್ಕ ಕೂತು ಕಲಿಸುವ ಶಿಕ್ಷಕರ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಆ ಭೇಟಿಯ ಹೊತ್ತೆಲ್ಲ ಕೈಕಾಲಿನ ವ್ಯಾಯಾಮ, ಬಣ್ಣ, ಆಕಾರಗಳಿಗೇ ಹೋದರೆ ಮಾತಿಗೆ ಸಮಯ ಎಲ್ಲಿದೆ? ಮಾತಾಡಲು ಎದುರಿಗೆ ಜನ ಬೇಕು, ಅದರಲ್ಲೂ ಓರಗೆಯವರು ಬೇಕು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯು ತೀವ್ರ ವಿಕಲತೆಯ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಒಂದು ಹಕ್ಕಾಗಿ ಕೊಟ್ಟಿತು. ಶಾಲೆಗೆ ರ‍್ಯಾಂಪಿಲ್ಲ, ಎತ್ತಿಕೊಂಡು ಹೋಗುವವರಿಲ್ಲ ಎಂಬ ಕಾರಣಕ್ಕೆ ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದರೆ ಅದು ಆಯ್ಕೆಯಾಗಿ ಉಳಿಯುವುದಿಲ್ಲ.

ಮಗು ತನ್ನ ಮಾತು ಹೇಳಲು ಬೇಕಾದ ಸಾಧನ ದುಬಾರಿಯದಲ್ಲ. ಒಂದು ದಪ್ಪ ರಟ್ಟಿನ ಬೋರ್ಡು, ಅದರ ಮೇಲೆ ಹದಿನಾರು ಚೌಕ. ಮೊದಲ ಸಾಲಿನಲ್ಲಿ ಬೇಕು, ಬೇಡ, ಇನ್ನೂ, ಸಾಕು. ಕೆಳಗೆ ನಾನು, ನೀನು, ಬಾ, ಹೋಗು, ನೋವು, ಉಚ್ಚೆ, ನೀರು, ಕೋಪ. ಒಂದು ಚೌಕವನ್ನು ‘ನೀವು ಹೇಳ್ತಿರೋದು ತಪ್ಪು’ ಎನ್ನುವುದಕ್ಕೆ ಮೀಸಲಿಡಬೇಕು. ಹಿರಿಯರು ಮರೆಯುವುದು ಇದನ್ನೇ. ಬೆರಳು ಆಡದ ಮಗುವಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಅಂಟಿಸಿ ಮುಖದ ಮುಂದೆ ಹಿಡಿದರೆ, ಕಣ್ಣು ಯಾವ ಮೂಲೆಯಲ್ಲಿ ನಿಂತಿತು ಎಂದು ಆಚೆ ಬದಿಯಿಂದ ಶಿಕ್ಷಕರು ನೋಡಬಹುದು. ಕಣ್ಣೂ ನಿಲ್ಲದಿದ್ದರೆ ಶಿಕ್ಷಕರೇ ಒಂದೊಂದು ಚೌಕವನ್ನು ಮುಟ್ಟುತ್ತಾ, ಹೆಸರು ಹೇಳುತ್ತಾ ಹೋಗಬೇಕು. ಮಗು ತನ್ನ ಮಾತು ಬಂದಾಗ ಸದ್ದು ಮಾಡುತ್ತದೆ. ಎಲ್ಲಕ್ಕಿಂತ ಕಷ್ಟದ ಕೆಲಸ ಕಾಯುವುದು. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಬೇಕು. ಮೂವತ್ತು ಮಕ್ಕಳ ಗದ್ದಲದ ನಡುವೆ ಅದು ಸಣ್ಣ ಮಾತಲ್ಲ.

ಇನ್ನೂ ಒಂದು ಶರತ್ತಿದೆ: ಮಗುವಿನೊಡನೆ ಮಾತಾಡುವಾಗ ದೊಡ್ಡವರೂ ಆ ಬೋರ್ಡನ್ನು ಮುಟ್ಟಿ ಮಾತಾಡಬೇಕು. ‘ನೀನು ಬಾ, ನೀರು ಬೇಕಾ?’ ಎನ್ನುವಾಗ ನಾಲ್ಕು ಚೌಕದ ಮೇಲೂ ಬೆರಳು ಆಡಬೇಕು. ಕೂಸು ಮಾತು ಕಲಿಯುವುದು ತಿಂಗಳುಗಟ್ಟಲೆ ಕೇಳಿದ ಮೇಲೆ. ಬೋರ್ಡಿನ ಮಾತನ್ನು ಒಮ್ಮೆಯೂ ಕಾಣದ ಮಗುವಿನ ಮುಂದೆ ಅದನ್ನಿಟ್ಟು, ಎರಡು ವಾರ ನೋಡಿ, ‘ಇವನಿಗೆ ಇದು ಆಗಲ್ಲ’ ಎಂದು ಎತ್ತಿಡುವುದು ಅನ್ಯಾಯ. ನಲಿಕಲಿಯ ಗುಂಪಿನಲ್ಲಿ ಸಹಪಾಠಿಗಳೇ ಕಲಿಸುವ ವ್ಯವಸ್ಥೆ ಇರುವುದರಿಂದ ಈ ಕೆಲಸಕ್ಕೆ ಅದು ಹೇಳಿಮಾಡಿಸಿದಂತಿದೆ.

ಬೋರ್ಡು ಕೊಟ್ಟರೆ ಮಗು ಬಾಯಿಬಿಡುವುದನ್ನೇ ನಿಲ್ಲಿಸುತ್ತದೆ ಎಂಬ ಭಯ ತಾಯಂದಿರಲ್ಲಿದೆ, ಕೆಲವು ಶಿಕ್ಷಕರಲ್ಲೂ ಇದೆ. ಮಿಲ್ಲರ್, ಲೈಟ್, ಶ್ಲಾಸರ್ ಎಂಬ ಸಂಶೋಧಕರು 2006ರಲ್ಲಿ ಇಂಥ ಸಾಧನಗಳ ಬಗೆಗಿನ ಹಳೆಯ ಅಧ್ಯಯನಗಳನ್ನು ಜರಡಿ ಹಿಡಿದು ಗಟ್ಟಿ ಪುರಾವೆಯಿದ್ದ 27 ಮಂದಿಯ ವಿವರ ನೋಡಿದರು. ಶೇ 89ರಷ್ಟು ಮಂದಿಯಲ್ಲಿ ಬಾಯಿಮಾತು ಹೆಚ್ಚಿತ್ತು. ಒಬ್ಬರಲ್ಲೂ ಕಡಿಮೆಯಾಗಿರಲಿಲ್ಲ.

ಮೊಬೈಲು, ಟ್ಯಾಬುಗಳಿಗೆ ಚೆನ್ನೈನಲ್ಲಿ ಹುಟ್ಟಿದ ಆವಾಜ್, ಐಐಟಿ ಬಾಂಬೆಯ ಜೆಲ್ಲೊ ಆ್ಯಪ್ ಇವೆ. ಚಿತ್ರ ಮುಟ್ಟಿದರೆ ಸಾಧನವೇ ದನಿ ಕೊಡುತ್ತದೆ, ದೂರದಲ್ಲಿರುವ ಅಮ್ಮನಿಗೂ ಕೇಳುತ್ತದೆ. ಇದು ದೊಡ್ಡ ಲಾಭ. ಆದರೆ ಚಾರ್ಜು ಮುಗಿದಾಗ ರಟ್ಟಿನ ಬೋರ್ಡು ಕೈಹತ್ತಿರ ಇರಲೇಬೇಕು. ಯಾವುದೇ ಇರಲಿ, ಮುದ್ದೆ, ಹಲಸಿನ ತೊಳೆ, ಅಜ್ಜಿ, ದನದ ಕೊಟ್ಟಿಗೆ ಅದರಲ್ಲಿ ಇಲ್ಲದಿದ್ದರೆ ಗುಬ್ಬಿ ಸೀಮೆಯ ಮಗುವಿಗೆ ಹೇಳಿಕೊಳ್ಳಲು ಏನು ಉಳಿಯಿತು?

ಕಾನೂನು ಈ ವಿಷಯದಲ್ಲಿ ಅಭ್ಯಾಸಕ್ಕಿಂತ ಮುಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಮು ಮಾತಿನ ತೊಂದರೆ ಇರುವವರಿಗಾಗಿ ಪರ್ಯಾಯ ಸಂವಹನ ವಿಧಾನಗಳನ್ನು ಬೆಳೆಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ವಿಶೇಷ ಅಗತ್ಯದ ಮಕ್ಕಳ ಸಂಖ್ಯೆಗೆ ತಕ್ಕಷ್ಟು ವಿಶೇಷ ಶಿಕ್ಷಕರಿರಬೇಕು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ತಾಲ್ಲೂಕಿನ ಹಳ್ಳಿಗಳನ್ನೆಲ್ಲ ಬೆರಳೆಣಿಕೆಯ ಬಿಐಇಆರ್‌ಟಿಗಳ ಹೆಗಲಿಗೆ ಹಾಕಿದರೆ ಆ ಲೆಕ್ಕ ಎಂದೂ ತಾಳೆಯಾಗದು. ಹಾಗಾಗಿ ನಲಿಕಲಿ ಶಿಕ್ಷಕರ ತರಬೇತಿಯಲ್ಲೇ ಬೋರ್ಡು ಬಳಸುವುದನ್ನು ಸೇರಿಸಬೇಕು. ಸಾಧನ ಸಲಕರಣೆ ಶಿಬಿರದಲ್ಲಿ ಗಾಲಿಕುರ್ಚಿ, ಕ್ಯಾಲಿಪರ್, ಶ್ರವಣ ಸಾಧನಗಳಿಗೆ ಅಳತೆ ತೆಗೆಯುವ ದಿನವೇ ಈ ಮಗು ‘ಹೌದು’, ‘ಅಲ್ಲ’ ಎಂದು ಹೇಗೆ ಹೇಳುತ್ತದೆ ಎಂಬುದನ್ನೂ ಬರೆದುಕೊಳ್ಳಬೇಕು. ಬೋರ್ಡಿನ ಎರಡು ಪ್ರತಿ ಮಾಡಿಸಿ ಒಂದನ್ನು ಮನೆಗೆ ಕಳಿಸಬೇಕು. ಬೇಸಿಗೆ ರಜೆಗೆ ಶಾಲೆಯ ಬೀರುವಿಗೆ ಬೀಗ ಹಾಕುವಾಗ ಮಗುವಿನ ಮಾತೂ ಒಳಗೆ ಉಳಿದರೆ, ಜೂನಿನಲ್ಲಿ ಮೊದಲಿಂದ ಶುರುಮಾಡಬೇಕಾಗುತ್ತದೆ.