ದೇಹವನ್ನು ತಂದವರು ಯಾರು? ಲೇನಾರ್ಟರ ‘ದೊ ಕಾಮೊ’ ಕುರಿತು ಒಂದು ವಿಮರ್ಶೆ

ಫ್ರೆಂಚ್ ಆಳ್ವಿಕೆಯ ನಾಡುಗಳಲ್ಲಿ ನಡೆದ ಸುವಾರ್ತಾಸೇವೆಯಿಂದ ಹುಟ್ಟಿದ ಗ್ರಂಥಗಳಲ್ಲಿ ಮೊರಿಸ್ ಲೇನಾರ್ಟರ ‘ದೊ ಕಾಮೊ’ (1947) ಗಂಭೀರ ಓದಿಗೆ ಅರ್ಹವಾದುದು. ಪ್ಯಾರಿಸ್ ಸುವಾರ್ತಾ ಮಿಷನ್ ಸಂಘದ ಪರವಾಗಿ 1902ರಲ್ಲಿ ನ್ಯೂ ಕ್ಯಾಲೆಡೋನಿಯಾಕ್ಕೆ ತೆರಳಿದ ಲೇನಾರ್ಟರು ಹೂವಾಯಿಲೂ ಕಣಿವೆಯ ದೊ ನೇವಾದಲ್ಲಿ ನೆಲೆಸಿ, ಎರಡು ದಶಕಗಳಿಗೂ ಮೀರಿ ಕನಾಕ್ ಜನರ ನಡುವೆ ಸೇವೆಗೈದರು. ಅವರು ಶಿಷ್ಯರೊಡನೆ ಕೂತು ಅನುವಾದಿಸಿದ ಹೊಸ ಒಡಂಬಡಿಕೆ 1922ರಲ್ಲಿ ಪ್ರಕಟವಾಯಿತು. ‘ದೊ ಕಾಮೊ’ದ ಬೇರು ಆ ಅನುವಾದದ ಶ್ರಮದಲ್ಲಿದೆ, ಅದನ್ನು ಕೇವಲ ಮಾನವಶಾಸ್ತ್ರವೆಂದು ಓದಿದರೆ ಅರ್ಧವನ್ನಷ್ಟೇ ಓದಿದಂತೆ.

‘ಕಾಮೊ’ ಎಂದರೆ ಜೀವಿಸುವಾತ. ಲೇನಾರ್ಟರ ಪ್ರಕಾರ ಕನಾಕ್ ಮನುಷ್ಯನು ತನ್ನನ್ನು ಸಂಬಂಧಗಳಲ್ಲಿಯೇ ಅರಿಯುತ್ತಾನೆ: ತಂದೆಗೆ ಮಗನಾಗಿ, ಸೋದರಮಾವನಿಗೆ ಅಳಿಯನಾಗಿ. ಈ ಸಂಬಂಧಗಳ ಗೆರೆಗಳು ಹೊರಡುವ ನಡುಬಿಂದು ಬರಿದಾಗಿದೆ. ಅಲ್ಲಿ ‘ನಾನು’ ಇಲ್ಲ. ಒಮ್ಮೆ ಅವರು ಹಿರಿಯ ಶಿಷ್ಯ ಬೊಯೆಸೂವನ್ನು, ನಾವು ನಿಮ್ಮ ಚಿಂತನೆಗೆ ಆತ್ಮದ ಕಲ್ಪನೆಯನ್ನು ತಂದೆವಲ್ಲವೇ ಎಂದು ಕೇಳಿದರು. ಆತ್ಮವನ್ನು ನಾವು ಮೊದಲೇ ಬಲ್ಲೆವು, ನೀವು ತಂದದ್ದು ದೇಹವನ್ನು ಎಂಬರ್ಥದ ಉತ್ತರ ಬಂದಿತು. ಬೋಧಕನ ನಿರೀಕ್ಷೆಯನ್ನು ಬುಡಮೇಲು ಮಾಡಿದ ಈ ಮಾತನ್ನು ಮರೆಮಾಚದೆ ಗ್ರಂಥದ ಹೃದಯಭಾಗದಲ್ಲಿ ಇಟ್ಟದ್ದು ಲೇನಾರ್ಟರ ಪ್ರಾಮಾಣಿಕತೆ.

ಆದರೆ ಆ ಉತ್ತರಕ್ಕೆ ಅವರು ಕೊಡುವ ವ್ಯಾಖ್ಯಾನವನ್ನು ಹಾಗೆಯೇ ಒಪ್ಪಲಾಗದು. ದೇಹದ ಅರಿವಿನಿಂದ ಮನುಷ್ಯನು ಸಮೂಹದಿಂದ ಬೇರ್ಪಟ್ಟು ವ್ಯಕ್ತಿಯಾಗುತ್ತಾನೆ ಎಂಬುದು ಅವರ ನಿಲುವು. ಇಲ್ಲಿ ದೇಹವೆಂದರೆ ಒಬ್ಬನನ್ನು ಇನ್ನೊಬ್ಬನಿಂದ ವಿಂಗಡಿಸುವ ಎಲ್ಲೆ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದಲ್ಲಾದರೋ ದೇಹವು ಅನೇಕ ಅಂಗಗಳನ್ನು ಒಂದಾಗಿಸುತ್ತದೆ. ಹಾಗಿದ್ದಲ್ಲಿ ಬೊಯೆಸೂ ಪಡೆದುಕೊಂಡ ದೇಹ ಯಾವುದು? ಯೂರೋಪಿನ ಏಕಾಂಗಿ ವ್ಯಕ್ತಿಯದೋ, ಕ್ರಿಸ್ತನದೋ? ಈ ಪ್ರಶ್ನೆಯನ್ನು ಗ್ರಂಥವು ಸಾಕಷ್ಟು ಎದುರಿಸುವುದಿಲ್ಲ. ಆ ಮಾತು ನಮಗೆ ಮಿಷನರಿಯ ಲೇಖನಿಯ ಮೂಲಕವೇ ತಲುಪಿದೆ ಎಂಬುದನ್ನೂ ಮರೆಯಬಾರದು.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. 1887ರಿಂದ 1946ರವರೆಗೆ ಕನಾಕರು ‘ಇಂದಿಜೆನಾ’ ಎಂಬ ವಿಶೇಷ ಕಾನೂನಿನ ಅಡಿಯಲ್ಲಿ ಬಾಳಿದರು. ಅವರ ಭೂಮಿ ವಲಸಿಗರ ಪಾಲಾಯಿತು. ಅವರನ್ನು ಮೀಸಲು ಪ್ರದೇಶಗಳಿಗೆ ತಳ್ಳಲಾಯಿತು. 1917ರಲ್ಲಿ ದ್ವೀಪದ ಉತ್ತರ ಭಾಗದಲ್ಲಿ ದಂಗೆಯೆದ್ದಿತು. ಆ ದೇಹ ತೆರಿಗೆ ತೆರುವ, ಬಲವಂತದ ದುಡಿಮೆಗೆ ಒಳಗಾಗುವ ದೇಹವೂ ಆಗಿತ್ತು. ಕನಾಕರ ಪರವಾಗಿ ನಿಂತು ವಲಸಿಗರ ವಿರೋಧ ಕಟ್ಟಿಕೊಂಡ ಲೇನಾರ್ಟರಿಗೆ ಇದು ತಿಳಿಯದ್ದಲ್ಲ. ಆದರೂ ಅವರ ಬಾಳಿನಲ್ಲಿದ್ದ ಈ ನೋವು ತತ್ತ್ವವಿವೇಚನೆಯಲ್ಲಿ ಮುನ್ನೆಲೆಗೆ ಬರುವುದಿಲ್ಲ. ದೇಹವನ್ನು ಕುರಿತ ಗ್ರಂಥದಲ್ಲಿ ಪೆಟ್ಟು ತಿಂದ ದೇಹ ಹಿಂದೆ ಸರಿದಿರುವುದು ಮನುಷ್ಯಾವತಾರವನ್ನು ಸಾರುವವರಿಗೆ ಸಣ್ಣ ಲೋಪವಲ್ಲ.

ಇಷ್ಟಾದರೂ ಈ ಕೃತಿಯನ್ನು ಬದಿಗಿಡುವಂತಿಲ್ಲ. ಲಾಯಲ್ಟಿ ದ್ವೀಪಗಳಿಂದ ಬಂದ ‘ನಾತಾ’ ಎಂಬ ಸ್ಥಳೀಯ ಬೋಧಕರು ಲೇನಾರ್ಟರಿಗಿಂತ ಮೊದಲೇ ಅಲ್ಲಿ ಸುವಾರ್ತೆಯನ್ನು ಬಿತ್ತಿದ್ದರು. ತಾನು ಬರುವ ಮುನ್ನವೇ ದೇವರ ಕಾರ್ಯ ಆರಂಭವಾಗಿತ್ತೆಂದು ಅರಿತ ಸೇವಕನು ಕಲಿಸುವುದಕ್ಕೆ ಮೊದಲು ಕೇಳುತ್ತಾನೆ. ಲೇನಾರ್ಟರು ಕೇಳಿದರು, ಕೇಳಿದ್ದನ್ನು ಬರೆದಿಟ್ಟರು. ಅವರ ವ್ಯಾಖ್ಯಾನವನ್ನು ನಾವು ಪ್ರಶ್ನಿಸಬಲ್ಲೆವಾದರೆ ಅದಕ್ಕೆ ಬೇಕಾದ ಸಾಕ್ಷ್ಯವನ್ನು ಒದಗಿಸಿದವರೂ ಅವರೇ. ನಮ್ಮ ಸಭೆಗಳಲ್ಲಿ ಬೊಯೆಸೂವಿನಂತಹ ಉತ್ತರ ಬಂದಾಗ ಅದನ್ನು ತಿದ್ದದೆ ಕೇಳುವ ತಾಳ್ಮೆ ನಮಗಿದೆಯೇ?