ಕಕ್ಕಡದ ಮದ್ದುಸೊಪ್ಪು

ಆಗಸ್ಟ್ ಮೊದಲ ವಾರ ಕೊಡಗಿನ ಯಾವ ಪೇಟೆಗೆ ಹೋದರೂ ರಸ್ತೆ ಬದಿಯಲ್ಲಿ ಸೊಪ್ಪಿನ ಕಟ್ಟುಗಳು ಕಾಣಸಿಗುತ್ತವೆ. ನೋಡಲು ವಿಶೇಷವೇನಿಲ್ಲ. ಉದ್ದನೆಯ ಹಸಿರು ಎಲೆ, ಗಿಣ್ಣುಗಿಣ್ಣಾದ ಕಾಂಡ. ಒಂದು ಕಟ್ಟನ್ನು ಮನೆಗೆ ತಂದು ನೀರಿಗೆ ಹಾಕಿ ಕುದಿಸಿ ನೋಡಿ. ನೀರು ಮೆಲ್ಲಗೆ ಬಣ್ಣ ತಿರುಗುತ್ತ ಮಾಗಿದ ನೇರಳೆ ಹಣ್ಣಿನಂತಾಗುತ್ತದೆ. ಇದೇ ಮದ್ದುಸೊಪ್ಪು, ಕೊಡವರ ಮದ್ದ್ ತೊಪ್ಪ್. ಅರೆಭಾಷೆಯ ಮನೆಗಳಲ್ಲಿ ಇದು ಆಟಿ ಸೊಪ್ಪು. ಸಸ್ಯಶಾಸ್ತ್ರದಲ್ಲಿ ಜಸ್ಟೀಸಿಯಾ ವೈನಾಡೆನ್ಸಿಸ್. ಕೆಮ್ಮಿಗೆ ನಾವೆಲ್ಲ ಕಷಾಯ ಮಾಡಿ ಕುಡಿಯುವ ಆಡುಸೋಗೆಯೂ ಇದೇ ಕುಲದ್ದು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ಮಾಸ. ಬಿಡದ ಮಳೆ, ಗದ್ದೆಯಲ್ಲಿ ನಾಟಿ, ದಿನವಿಡೀ ಕೆಸರಲ್ಲಿ ನಿಂತ ಕಾಲು. ಮೈಯಲ್ಲಿ ಕಾವು ಉಳಿಯಬೇಕು. ಏಡಿ, ಅಣಬೆ, ಕಳಲೆ, ಕೆಸು ಎಲ್ಲವೂ ಒಲೆಗೇರುವುದು ಈ ತಿಂಗಳಲ್ಲೇ. ಕಕ್ಕಡ ಹುಟ್ಟಿದ ದಿನದಿಂದ ಈ ಗಿಡಕ್ಕೆ ದಿನಕ್ಕೊಂದು ಮದ್ದು ಸೇರುತ್ತದೆ, 18ನೇ ದಿನಕ್ಕೆ ಹದಿನೆಂಟೂ ತುಂಬಿಕೊಳ್ಳುತ್ತವೆ ಎಂಬುದು ಹಿರಿಯರ ನಂಬಿಕೆ. ಆ ದಿನವೇ ಕಕ್ಕಡ ಪದಿನೆಟ್ಟ್, ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಗಿಡದ ಪಕ್ಕ ಸುಮ್ಮನೆ ಹಾದುಹೋದರೂ ಅಂದು ಘಮ ಮೂಗಿಗೆ ಬಡಿಯುತ್ತದಂತೆ. ಹದಿನೆಂಟು ಎಂಬ ಲೆಕ್ಕ ನಂಬಿಕೆಯದಿರಬಹುದು. ಆದರೆ ಎಲೆಯ ಸಾರ ಋತುವಿನೊಂದಿಗೆ ಏರಿಳಿಯುತ್ತದೆ ಎಂಬುದನ್ನು ಸೊಪ್ಪು ಕೊಯ್ಯುವ ಯಾರೂ ಅಲ್ಲಗಳೆಯಲಾರರು. ಮರದ ನೆರಳಲ್ಲಿ, ತೊರೆಯ ತಂಪಲ್ಲಿ ಬೆಳೆಯುವ ಈ ಗಿಡ ಮಳೆಗಾಲದಲ್ಲೇ ಸೊಕ್ಕಿ ನಿಲ್ಲುವುದು.

ಅಡುಗೆ ಸರಳ, ಅವಸರ ಮಾತ್ರ ಸಲ್ಲದು. ಎಲೆ, ಕಾಂಡ ಎರಡನ್ನೂ ತೊಳೆದು ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಬಣ್ಣ ಗಾಢವಾಗುವ ತನಕ ಕುದಿಸಿ ಸೋಸಬೇಕು. ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಮತ್ತು ತೆಂಗಿನಹಾಲು ಸೇರಿಸಿದರೆ ಪಾಯಸ. ಅಕ್ಕಿ ತರಿಯನ್ನು ಅದರಲ್ಲಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿದರೆ ಮದ್ದ್ ಪುಟ್ಟ್. ತುಪ್ಪ, ಜೇನು, ತೆಂಗಿನ ತುರಿಯೊಂದಿಗೆ ತಿನ್ನುವ ಪುಟ್ಟೇ ನನಗೆ ಹೆಚ್ಚು. ಪಾಯಸದಲ್ಲಿ ಬೆಲ್ಲ ಮುಂದಾಗುತ್ತದೆ, ಪುಟ್ಟಿನಲ್ಲಿ ಸೊಪ್ಪೇ ಮಾತಾಡುತ್ತದೆ. ಈಚೆಗೆ ಕೆಲವರು ಏಲಕ್ಕಿ ಹಾಕುತ್ತಾರೆ. ದಯವಿಟ್ಟು ಬೇಡ. ವರ್ಷಕ್ಕೊಮ್ಮೆ ಬರುವ ಪರಿಮಳದ ಮೇಲೆ ವರ್ಷವಿಡೀ ಸಿಗುವ ಪರಿಮಳವನ್ನು ಹೊದಿಸುವುದೇಕೆ?

ತಿಂದ ಮೇಲೆ ಮೂತ್ರ ಕೆಂಪಗಾಗುತ್ತದೆ. ಹೊಸಬರು ಹೆದರಬೇಕಾಗಿಲ್ಲ, ಅದು ಸೊಪ್ಪಿನದೇ ಬಣ್ಣ. ಮದ್ದು ಮೈಗೆ ಹಿಡಿಯಿತು ಎನ್ನಲು ಮನೆಯ ಹಿರಿಯರಿಗೆ ಅದೇ ಗುರುತು. ಪ್ರಯೋಗಾಲಯದಲ್ಲಿ ಇದರ ಸಾರವನ್ನು ಪರೀಕ್ಷಿಸಿದವರಿಗೆ ಫೀನಾಲಿಕ್ ಸಂಯುಕ್ತಗಳು, ಫ್ಲೇವನಾಯ್ಡ್‌ಗಳು, ಉತ್ಕರ್ಷಣ ನಿರೋಧಕ ಗುಣ ಕಂಡಿವೆ. ಅಷ್ಟನ್ನೇ ಹಿಡಿದು ಸರ್ವರೋಗಕ್ಕೂ ಮದ್ದೆಂದು ಸಾರುವುದು ನನಗೆ ಒಪ್ಪಿಗೆಯಲ್ಲ. ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿ ವರ್ಷವಿಡೀ ಚಮಚದಲ್ಲಿ ನುಂಗುವುದಂತೂ ಇನ್ನೂ ಬೇಸರ. ನಾಟಿಯ ಮಳೆ, ಬಿಸಿ ಪುಟ್ಟು, ಮನೆಮಂದಿಯೆಲ್ಲ ಒಟ್ಟಿಗೆ ಕೂತ ಒಂದು ದಿನ, ಇವಿಷ್ಟರಿಂದ ಬೇರ್ಪಡಿಸಿದ ಸೊಪ್ಪಿನಲ್ಲಿ ರುಚಿಯೇ ಇರದು.

ಬೆಂಗಳೂರಿನ ಕೊಡಗಿನವರು ಊರಿಂದ ಬರುವ ಬಸ್ಸಿಗೆ ಕಾಯಬೇಕಾಗಿಲ್ಲ. ಗಿಣ್ಣಿರುವ ಕಾಂಡದ ತುಂಡನ್ನು ನೆರಳಿನ ತೇವದ ಮಣ್ಣಿಗೆ ಊರಿದರೆ ಚಿಗುರುತ್ತದೆ, ದೊಡ್ಡ ಕುಂಡವೂ ಸಾಕು. ಊರಲ್ಲಿರುವವರಿಗೆ ನನ್ನ ಕೋರಿಕೆ ಇಷ್ಟೇ: ತೋಟದ ಅಂಚಿಗೆ ಕಳೆನಾಶಕ ಹೊಡೆಯುವಾಗ ಈ ಗಿಡವನ್ನು ಬಿಟ್ಟು ಹೊಡೆಯಿರಿ, ಸೊಪ್ಪಿಗೆ ಹೋದಾಗ ಬೇರು ಸಹಿತ ಕೀಳದೆ ಬುಡದಲ್ಲಿ ಎರಡು ಗಿಣ್ಣು ಉಳಿಸಿ ಕೊಯ್ಯಿರಿ.